ಅಳು ಹೆಚ್ಚಾದರೆ ಚಿಕಿತ್ಸೆ ಕೆಟ್ಟಿತೆ?

‘ಚೆಂದಾಗಿದ್ದ ಹುಡುಗನ್ನ ಅಳ್ಸಿ ಕಳುಸ್ತವ್ರೆ ಮೇಷ್ಟ್ರೆ. ಇನ್ನ ಕರ್ಕೊಂಡ್ ಹೋಗಾಕಿಲ್ಲ.’

ಮಳವಳ್ಳಿ ಕಡೆಯ ರೈತರೊಬ್ಬರು ಮಂಡ್ಯದ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಆಡಿದ ಮಾತಿದು. ಅವರ ಮಗ ನನ್ನ ಹಳೆಯ ವಿದ್ಯಾರ್ಥಿ. ಪಿಯುಸಿಗೆ ಸೇರಿದ ಮೇಲೆ ಪರೀಕ್ಷೆ ಎಂದರೆ ಕೈಕಾಲು ನಡುಕ, ಎದೆ ಡವಡವ. ಆಪ್ತಸಲಹೆಗಾರರ ಬಳಿ ಎರಡು ಸಲ ಹೋಗಿ ಬಂದದ್ದೇ ತಡ, ನಿದ್ದೆ ಕೆಟ್ಟಿತು, ಅಳು ಹೆಚ್ಚಾಯಿತು. ಚಿಕಿತ್ಸೆ ಅಲ್ಲಿಗೆ ನಿಂತಿತು. ‘ನಿಮ್ಮಿಷ್ಟ’ ಎಂದು ನಾನೂ ಸುಮ್ಮನಾದೆ. ಆ ವರ್ಷ ಹುಡುಗ ಪರೀಕ್ಷೆಗೆ ಕೂರಲೇ ಇಲ್ಲ. ನನ್ನ ಮೌನ ತಪ್ಪೆಂದು ತಿಳಿದದ್ದು, ಆಮೇಲೆ ಈ ವಿಷಯ ಓದಿಕೊಂಡಾಗ.

ಮಾತ್ರೆ ನುಂಗಿದರೆ ಜ್ವರ ಇಳಿಯಬೇಕು. ಮನಸ್ಸಿನ ಚಿಕಿತ್ಸೆಯಲ್ಲಿ ಮೊದಲು ಏರಿ, ಆಮೇಲೆ ಇಳಿಯುವುದುಂಟೆ? ಉಂಟು, ಆದರೆ ಎಲ್ಲರಿಗೂ ಅಲ್ಲ.

ಕಾರಣ ಸರಳ. ಪರೀಕ್ಷೆ ತಪ್ಪಿಸಿಕೊಂಡ ದಿನ ಹುಡುಗನಿಗೆ ನೆಮ್ಮದಿ. ಆ ನೆಮ್ಮದಿಯೇ ಭಯಕ್ಕೆ ಗೊಬ್ಬರ. ಮುಂದಿನ ಸಲ ಭಯ ಇನ್ನಷ್ಟು ಬಲಿತಿರುತ್ತದೆ. ಚಿಕಿತ್ಸೆಯಲ್ಲಿ ಇದಕ್ಕೆ ವಿರುದ್ಧ ದಾರಿ. ಹೆದರಿಕೆಯನ್ನು ಹಂತಹಂತವಾಗಿ ಎದುರಿಸಬೇಕು. ಆಗ ಅಡ್ರಿನಲಿನ್ ಸ್ರವಿಸಿ ಎದೆಬಡಿತ ಏರುತ್ತದೆ. ಆದರೂ ಅಲ್ಲೇ ನಿಂತರೆ, ಅಂದುಕೊಂಡ ಅನಾಹುತ ಆಗಲಿಲ್ಲ ಎಂಬುದನ್ನು ಮಿದುಳು ಕಲಿಯುತ್ತದೆ. ನಮ್ಮ ಆಲೆಮನೆಯಲ್ಲಿ ಕಬ್ಬಿನ ಹಾಲು ಕಾದಾಗ ಕೊಳೆ ಮೇಲೆ ತೇಲುವುದಿಲ್ಲವೆ? ಹಾಗೆ.

ಹೋಲಿಕೆ ಪುರಾವೆಯಲ್ಲ ಎಂದು ವಿದ್ಯಾರ್ಥಿಗಳು ಹೇಳಬಹುದು. ಪುರಾವೆಯೂ ಇದೆ. ಅಮೆರಿಕದ ಎಡ್ನಾ ಫೋವಾ ಮತ್ತು ಸಂಗಡಿಗರು ದೌರ್ಜನ್ಯದ ಆಘಾತಕ್ಕೆ ಒಳಗಾಗಿದ್ದ 76 ಮಹಿಳೆಯರ ಅಧ್ಯಯನವನ್ನು 2002ರಲ್ಲಿ ಪ್ರಕಟಿಸಿದರು. ಕಹಿ ನೆನಪನ್ನು ಎದುರಿಸುವ ಚಿಕಿತ್ಸೆ ಶುರುವಾದಾಗ ಕೆಲವರಲ್ಲಿ ಮಾತ್ರ ತೊಂದರೆ ಉಲ್ಬಣಿಸಿತು. ಅವರಿಗೂ ಕೊನೆಯಲ್ಲಿ ಉಳಿದವರಷ್ಟೇ ಪ್ರಯೋಜನವಾಯಿತು.

ಹಾಗೆಂದು ಅಳು ಬಂದರೆ ಮದ್ದು ಹತ್ತಿತು ಎನ್ನುವುದೂ ತಪ್ಪು. ಚಿಕಿತ್ಸೆ ಪಡೆದ ವಯಸ್ಕರಲ್ಲಿ ನೂರಕ್ಕೆ ಸುಮಾರು 5ರಿಂದ 10 ಮಂದಿ ಕೊನೆಗೆ ಮೊದಲಿಗಿಂತ ಕೆಟ್ಟ ಸ್ಥಿತಿಯಲ್ಲಿರುತ್ತಾರೆ ಎನ್ನುತ್ತವೆ ಅಧ್ಯಯನಗಳು. ಆದ್ದರಿಂದ ಸಹಿಸಿಕೊಂಡು ಕೂರಬೇಡಿ, ಹೇಳದೆ ಬಿಟ್ಟುಬಿಡಲೂ ಬೇಡಿ. ‘ಹೋದ ವಾರದಿಂದ ಕಷ್ಟ ಹೆಚ್ಚಾಗಿದೆ’ ಎಂದು ಚಿಕಿತ್ಸಕರಿಗೇ ಹೇಳಿ. ಹೀಗಾಗುವುದು ನಿರೀಕ್ಷಿತವೇ, ಎಷ್ಟು ದಿನ ಇರಬಹುದು ಎಂದು ಕೇಳಿ. ವಾರಗಳು ಕಳೆದರೂ ಇಳಿಯದಿದ್ದರೆ ವಿಧಾನ ಬದಲಿಸಲು, ಬೇಕಾದರೆ ಬೇರೊಬ್ಬರನ್ನು ಕಾಣಲು ಸಂಕೋಚ ಬೇಡ.

ಮಕ್ಕಳ ಬಾಯಲ್ಲಿ ಸಾಯುವ ಮಾತು ಬಂದರೆ ಮಾತ್ರ ಒಂದು ದಿನವೂ ಕಾಯಬಾರದು. ಮಂಡ್ಯದ ಮಿಮ್ಸ್ ಆಸ್ಪತ್ರೆ ಇದೆ, ಬೆಂಗಳೂರಿನ ನಿಮ್ಹಾನ್ಸ್ ಇದೆ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ಗೆ 14416 ಸಂಖ್ಯೆಯಲ್ಲಿ ಹಗಲೂ ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.

ಮರುವರ್ಷ ನಾನು ಅವರ ಮನೆಗೆ ಹೋಗಿ ಇಷ್ಟನ್ನೂ ಹೇಳಿದೆ. ಅಪ್ಪನೇ ಮಗನನ್ನು ಮತ್ತೆ ಕರೆದೊಯ್ದರು. ಮೊದಲ ವಾರಗಳು ಈ ಸಲವೂ ಕಷ್ಟವೇ ಆದವು. ಆದರೆ ಮೂರನೇ ಭೇಟಿಗೂ ಹೋದರು, ನಾಲ್ಕನೆಯದಕ್ಕೂ ಹೋದರು. ಹುಡುಗ ಮದ್ದೂರಿನಲ್ಲಿ ಪರೀಕ್ಷೆ ಬರೆದ. ಎಷ್ಟು ಅಂಕ ಬಂತೆಂದು ನಾನು ಕೇಳಲಿಲ್ಲ.