ಮನೆಯಲ್ಲಿ ಕಟ್ಟಿದ ಆಂಪ್ಲಿಫೈಯರ್ ಗುಂಯ್‌ಗುಟ್ಟುವುದೇಕೆ?

ನಗರದ ಇನ್ನೊಂದು ತುದಿಯಲ್ಲಿರುವ ಬಂಧುಗಳಿಗೆ ಕುಷಾಯಿಗೂಡದ ವಿಳಾಸ ತಿಳಿಸಬೇಕಾದಾಗ ನಾವು ಮೊದಲು ಹೇಳುವುದು ಇ.ಸಿ.ಐ.ಎಲ್. ಚೌರಸ್ತೆಯ ಹೆಸರನ್ನೇ. 1967ರಲ್ಲಿ ಅಣುಶಕ್ತಿ ಇಲಾಖೆಯ ಆಶ್ರಯದಲ್ಲಿ ಸ್ಥಾಪಿತವಾದ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಸಂಸ್ಥೆಯೂ, ಅದನ್ನು ಕಟ್ಟಿ ಬೆಳೆಸಿದ ಡಾ. ಎ. ಎಸ್. ರಾವ್ ಅವರ ಹೆಸರು ಹೊತ್ತ ನಗರವೂ ಈ ಭಾಗದ ಚಹರೆಯನ್ನೇ ಬದಲಿಸಿದುವು. ಗಣಕಯಂತ್ರಗಳೂ ದೂರದರ್ಶನ ಯಂತ್ರಗಳೂ ತಯಾರಾಗುತ್ತಿದ್ದ ಕಾರ್ಖಾನೆಯ ನೆರೆಯಲ್ಲಿ ವಾಸಿಸುವವರಿಗೆ ಸೋಲ್ಡರಿಂಗ್ ಐರನ್ನು ಅಪರಿಚಿತ ವಸ್ತುವಾಗಿ ಉಳಿಯುವುದು ಸಾಧ್ಯವಿರಲಿಲ್ಲ. ರಾಯಚೂರಿನಿಂದ ಬಂದು ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿಕೊಂಡಿದ್ದ ನನಗೂ ನೆರೆಹೊರೆಯವರ ಸಹವಾಸದಿಂದ ಆ ಹುಚ್ಚು ಅಂಟಿಕೊಂಡಿತು. ಮನೆಯಲ್ಲಿ ಕುಳಿತು ಇಂಥ ಯಂತ್ರಗಳೊಡನೆ ಸೆಣಸುವ ಚಪಲ ಕನ್ನಡಿಗರಿಗೆ ಹೊಸತಲ್ಲ. ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದ್ದರು.

ನನ್ನ ಸಾಹಸ ಅಷ್ಟು ದೊಡ್ಡದಲ್ಲ. ಕ್ಯಾಸೆಟ್ಟಿನಲ್ಲಿದ್ದ ಸಂಗೀತವನ್ನು ತಕ್ಕಮಟ್ಟಿಗೆ ಚೆನ್ನಾಗಿ ಕೇಳಬೇಕೆಂಬ ಆಸೆಯಿಂದ, 1980ರ ದಶಕದ ಕೊನೆಯಲ್ಲಿ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಬಿಡಿಭಾಗಗಳನ್ನು ಕೊಂಡು ತಂದು ಒಂದು ಆಂಪ್ಲಿಫೈಯರನ್ನು ಕಟ್ಟಿದೆನು. ಅದರಲ್ಲಿ ಕಲಿತುದಕ್ಕಿಂತ ಅದು ಕೆಟ್ಟಾಗ ಕಲಿತುದೇ ಹೆಚ್ಚು. ಇಂದಿಗೂ ಯುವಕರು ಇಂಥ ಕಿಟ್ಟುಗಳನ್ನು ಕೊಂಡು ಜೋಡಿಸುತ್ತಿರುವುದರಿಂದಲೂ, ಇದರಲ್ಲಿ ಆರೋಗ್ಯಕ್ಕೆ, ಪ್ರಾಣಕ್ಕೇ, ಸಂಬಂಧಪಟ್ಟ ಸಂಗತಿಯೊಂದು ಅಡಗಿರುವುದರಿಂದಲೂ ಈ ಲೇಖನವನ್ನು ಬರೆಯುತ್ತಿದ್ದೇನೆ.

ಆಂಪ್ಲಿಫೈಯರಿನ ರಚನೆ ಸರಳವಾದುದು. ಮನೆಗೆ ಬರುವ 230 ವೋಲ್ಟಿನ ವಿದ್ಯುತ್ತನ್ನು ಟ್ರಾನ್ಸ್‌ಫಾರ್ಮರ್ ತಗ್ಗಿಸುತ್ತದೆ. ನಾಲ್ಕು ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ಹರಿಯುವಂತೆ ಮಾಡುತ್ತವೆ. ಹಳಬರು ಕಂಡೆನ್ಸರ್ ಎನ್ನುತ್ತಿದ್ದ ದೊಡ್ಡ ಕೆಪಾಸಿಟರುಗಳು ಅದರ ಏರಿಳಿತವನ್ನು ಸಮಗೊಳಿಸುತ್ತವೆ. ಕೊನೆಗೆ ಕ್ಯಾಸೆಟ್ ಯಂತ್ರದಿಂದ ಬಂದ ದುರ್ಬಲ ಸಂಕೇತವನ್ನು ಸ್ಪೀಕರನ್ನು ಅಲುಗಿಸುವಷ್ಟು ಬಲಪಡಿಸುವ ಭಾಗ ಬರುತ್ತದೆ. ಹಿಂದೆ ಇದಕ್ಕೆ ಬಿಡಿ ಟ್ರಾನ್ಸಿಸ್ಟರುಗಳು ಬೇಕಾಗುತ್ತಿದ್ದುವು. ಬೆಂಗಳೂರಿನ ಬಿ.ಇ.ಎಲ್. ತಯಾರಿಸಿದ ಬಿಸಿ 148 ಟ್ರಾನ್ಸಿಸ್ಟರನ್ನು ಕೈಯಲ್ಲಿ ಹಿಡಿದಾಗ ನಮ್ಮೂರಿನವರನ್ನು ಕಂಡಷ್ಟೇ ಸಂತೋಷವಾಗುತ್ತಿತ್ತು. ನಾನು ಆರಿಸಿಕೊಂಡುದು ಐದು ಕಾಲುಗಳ ಟಿಡಿಎ 2030 ಎಂಬ ಐ.ಸಿ.ಯನ್ನು. 12-0-12 ವೋಲ್ಟಿನ ಟ್ರಾನ್ಸ್‌ಫಾರ್ಮರಿನಿಂದ ಅದಕ್ಕೆ ಸುಮಾರು 16 ವೋಲ್ಟು ಧನ, 16 ವೋಲ್ಟು ಋಣ ದೊರೆಯುತ್ತವೆ. ಅದರ ಸಹನೆಯ ಮಿತಿ 18 ವೋಲ್ಟು. ನಮ್ಮಲ್ಲಿ ರಾತ್ರಿಯ ಹೊತ್ತು ಮನೆಯ ವೋಲ್ಟೇಜು ಏರುವುದುಂಟಾದ್ದರಿಂದ 22 ವೋಲ್ಟಿನವರೆಗೆ ತಡೆಯುವ 2030-ಎ ಎಂಬುದೇ ಲೇಸು. ಈ ಐ.ಸಿ.ಯ ಬೆನ್ನಿನ ಲೋಹದ ಹಲಗೆ ಋಣ ವೋಲ್ಟೇಜಿಗೆ ಸೇರಿರುವುದನ್ನು ಬಹು ಮಂದಿ ಮರೆಯುತ್ತಾರೆ. ಅಭ್ರಕದ ತೆಳುಹಾಳೆಯನ್ನೂ ಸ್ಕ್ರೂವಿಗೆ ಪ್ಲಾಸ್ಟಿಕ್ ಬುಷ್ಷನ್ನೂ ಹಾಕದೆ ನೇರವಾಗಿ ಪೆಟ್ಟಿಗೆಗೆ ಬಿಗಿದರೆ, ಸ್ವಿಚ್ಚು ಹಾಕಿದ ಕ್ಷಣವೇ ಹೊಗೆಯ ದರ್ಶನವಾಗುತ್ತದೆ.

ಇಂಥ ಅನಾಹುತ ತಪ್ಪಿಸಲು ರಿಪೇರಿ ಅಂಗಡಿಗಳಲ್ಲಿ ಬಳಸುವ ಸೀರೀಸ್ ಬಲ್ಬಿನ ಉಪಾಯವೊಂದುಂಟು. 60 ವಾಟಿನ ಹಳೆಯ ಬಗೆಯ ತಂತುದೀಪವನ್ನು ಫೇಸ್ ತಂತಿಯ ನಡುವೆ ಸರಣಿಯಲ್ಲಿ ಸೇರಿಸಿ, ಅದರ ಮೂಲಕವೇ ಹೊಸ ಆಂಪ್ಲಿಫೈಯರಿಗೆ ವಿದ್ಯುತ್ ಕೊಡಬೇಕು. ದೀಪ ಒಮ್ಮೆ ಮಿನುಗಿ ಮಂಕಾದರೆ ಕೆಪಾಸಿಟರುಗಳು ತುಂಬಿಕೊಂಡುವು, ಉಳಿದುದು ಕ್ಷೇಮ ಎಂದು ಅರ್ಥ. ಪೂರ್ಣ ಪ್ರಭೆಯಿಂದ ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಷಾರ್ಟ್ ಆಗಿದೆ. ದೀಪವು ಪ್ರವಾಹವನ್ನು ತಡೆದು ನಿಮ್ಮ ಐ.ಸಿ.ಯನ್ನು ಉಳಿಸಿರುತ್ತದೆ. ಎಲ್.ಇ.ಡಿ. ಬಲ್ಬು ಈ ಕೆಲಸಕ್ಕೆ ಬಾರದು. ಅನಂತರ, ಸ್ಪೀಕರನ್ನು ಜೋಡಿಸುವ ಮೊದಲೇ, ಅದರ ತಂತಿ ಸೇರುವ ಜಾಗದಲ್ಲಿ ಮಲ್ಟಿಮೀಟರಿಟ್ಟು ಡಿ.ಸಿ. ವೋಲ್ಟೇಜನ್ನು ನೋಡಬೇಕು. ಕೆಲವು ಹತ್ತು ಮಿಲಿವೋಲ್ಟುಗಳಿದ್ದರೆ ಚಿಂತೆಯಿಲ್ಲ. ಅನೇಕ ವೋಲ್ಟುಗಳು ಕಂಡರೆ ಸ್ಪೀಕರನ್ನು ಹತ್ತಿರ ತರಬೇಡಿ, ಅದರ ಸುರುಳಿ ಸುಟ್ಟುಹೋಗುತ್ತದೆ.

ಇಷ್ಟೆಲ್ಲ ಸರಿಯಾಗಿದ್ದರೂ ಹಾಡಿನ ಹಿಂದೆ ಗುಂಯ್ ಎಂಬ ನಾದವೊಂದು ಹಟ ಹಿಡಿದು ಕುಳಿತಿರುತ್ತದೆ. ಬಿಡಿಭಾಗ ಕೆಟ್ಟಿದೆಯೆಂದು ತಿಳಿದು ಒಂದೊಂದನ್ನೇ ಬದಲಿಸುತ್ತ ಹಣ ಕಳೆದುಕೊಂಡವರಲ್ಲಿ ನಾನೂ ಒಬ್ಬ. ಹೊಸದಾಗಿ ಕಟ್ಟಿದ ಯಂತ್ರದಲ್ಲಿ ದೋಷವಿರುವುದು ಸಾಮಾನ್ಯವಾಗಿ ಭಾಗಗಳಲ್ಲಲ್ಲ, ತಂತಿಗಳು ಸಾಗುವ ದಾರಿಯಲ್ಲಿ.

ಮೊದಲು ಕಿವಿಯಿಂದಲೇ ಪರೀಕ್ಷಿಸಬಹುದು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಆವರ್ತಿಸುತ್ತದೆ. ಡಯೋಡುಗಳನ್ನು ದಾಟಿದ ಮೇಲೆ ಅದರ ಏರಿಳಿತ 100 ಬಾರಿ ಆಗುತ್ತದೆ. ಇವೆರಡಕ್ಕೂ ಸರಿಯಾಗಿ ಒಂದು ಸ್ಥಾಯಿಯ ಅಂತರ. ಶ್ರುತಿಜ್ಞಾನವುಳ್ಳವರು ಮಂದ್ರ ಷಡ್ಜವನ್ನೂ ಮಧ್ಯ ಷಡ್ಜವನ್ನೂ ಬೇರ್ಪಡಿಸುವಂತೆಯೇ ಇವನ್ನು ಬೇರ್ಪಡಿಸಬಲ್ಲರು. 50ರದು ಮೃದುವಾದ ಆಳದ ನಾದ, ಹೊರಗಿನಿಂದ ನುಸುಳಿದುದು. 100ರದು ತುಸು ಒರಟು, ಜೀರುಂಡೆಯಂತೆ ಜುಂಯ್ ಎನ್ನುತ್ತದೆ. ಅದರ ಮೂಲ ಪೆಟ್ಟಿಗೆಯೊಳಗಿನ ಡಯೋಡು ಮತ್ತು ಕೆಪಾಸಿಟರುಗಳ ಬಳಿ. ಇನ್ನು ವಾಲ್ಯೂಮನ್ನು ಪೂರ್ತಿ ತಗ್ಗಿಸಿ ನೋಡಿ. ಸದ್ದು ನಿಂತರೆ ಅದು ಬರುತ್ತಿರುವುದು ವಾಲ್ಯೂಮ್ ಕಂಟ್ರೋಲಿಗಿಂತ ಮುಂಚಿನ ತಂತಿಯಿಂದ: ಷೀಲ್ಡ್ ಇರುವ ತಂತಿಯನ್ನು ಹಾಕಿ, ಅದನ್ನು ಟ್ರಾನ್ಸ್‌ಫಾರ್ಮರಿನಿಂದ ದೂರ ಸರಿಸಿ. ತಗ್ಗಿಸಿದರೂ ಸದ್ದು ಹಾಗೆಯೇ ಇದ್ದರೆ ದೋಷ ಅದರ ಮುಂದಿನ ಭಾಗದಲ್ಲಿದೆ.

ನನ್ನ ಯಂತ್ರದಲ್ಲಿದ್ದುದು ಈ ಎರಡನೆಯ ಬಗೆ. ಟ್ರಾನ್ಸ್‌ಫಾರ್ಮರಿನ ನಡುತಂತಿಗೂ ಎರಡು ಕೆಪಾಸಿಟರುಗಳು ಕೂಡುವ ಶೂನ್ಯಬಿಂದುವಿಗೂ ನಡುವಣ ತಂತಿಯಲ್ಲಿ, ಸೆಕೆಂಡಿಗೆ 100 ಬಾರಿ, ಪ್ರವಾಹವು ಸಣ್ಣ ಸಣ್ಣ ಹೊಡೆತಗಳಾಗಿ ಹರಿಯುತ್ತದೆ. ಅನುಕೂಲವಾಗಿದೆಯೆಂದು ನಾನು ಒಳಬರುವ ಸಂಕೇತದ ನೆಲತಂತಿಯನ್ನು ಅದೇ ತಂತಿಯ ಮಧ್ಯೆ ಬೆಸೆದಿದ್ದೆ. ಅಲ್ಲಿ ಉಂಟಾಗುವ ಒಂದೇ ಒಂದು ಮಿಲಿವೋಲ್ಟನ್ನೂ ಆಂಪ್ಲಿಫೈಯರು ಸಂಗೀತವೆಂದೇ ಭಾವಿಸಿ 30 ಪಾಲಿಗೂ ಹೆಚ್ಚು ಮಾಡಿ ಸ್ಪೀಕರಿಗೆ ಒಪ್ಪಿಸುತ್ತಿತ್ತು. ಕೆಪಾಸಿಟರುಗಳ ಸಂಧಿಯಿಂದ ಒಂದೇ ತಂತಿಯನ್ನು ಹೊರತಂದು ಬೇರೊಂದು ಬಿಂದುವನ್ನು ಮಾಡಿ, ಸ್ಪೀಕರು, ಐ.ಸಿ., ಸಂಕೇತ ಇವುಗಳ ನೆಲತಂತಿಗಳನ್ನು ನಕ್ಷತ್ರದ ಕಿರಣಗಳಂತೆ ಅಲ್ಲಿಗೇ ತಂದು ಸೇರಿಸಿದೆ. ಒಂದು ಸಂಜೆಯ ಕೆಲಸ. ಖರ್ಚು ಒಂದು ಗೇಣು ತಂತಿ. ಕಿವಿಯನ್ನು ಸ್ಪೀಕರಿಗೆ ಆನಿಸಿದರೂ ಸದ್ದಿಲ್ಲ!

ಕೆಲವು ವರ್ಷ ಹೀಗೆಯೇ ಸುಖವಾಗಿ ಕಳೆದುವು. 1990ರ ದಶಕದಲ್ಲಿ ನಮ್ಮ ಬೀದಿಗೂ ಕೇಬಲ್ ಟಿ.ವಿ. ಬಂದಿತು. ಟಿ.ವಿ.ಯ ಧ್ವನಿಯನ್ನು ಆಂಪ್ಲಿಫೈಯರಿಗೆ ಜೋಡಿಸಿದೊಡನೆ ಗುಂಯ್‌ಗಾರ ಮತ್ತೆ ಪ್ರತ್ಯಕ್ಷವಾಯಿತು, ಈ ಬಾರಿ 50ರ ನಾದ. ಸಹೋದ್ಯೋಗಿಯೊಬ್ಬರು ಬಂದು ಕೇಳಿ, “ಅದೇನು ಮಹಾ ರಾಯರೇ, ಪ್ಲಗ್ಗಿನ ಅರ್ತ್ ತಂತಿ ತೆಗೆದುಬಿಡಿ, ಸದ್ದು ನಿಲ್ಲುತ್ತದೆ” ಎಂದರು. ತೆಗೆದೆ. ನಿಂತಿತು. ಅವರಿಗೆ ಚಹಾ ಕೊಟ್ಟು ಕಳುಹಿಸಿದೆ.

ಮಳೆಗಾಲ ಬಂದಿತು. ಟಿ.ವಿ. ರಿಪೇರಿಗೆ ಹೋಗಬೇಕಾಗಿದ್ದುದರಿಂದ ಅದರ ತಂತಿಯನ್ನು ಕಳಚಲು ಆಂಪ್ಲಿಫೈಯರಿನ ಪೆಟ್ಟಿಗೆಯನ್ನು ಮುಂದಕ್ಕೆ ಎಳೆದು, ಹಾಗೆಯೇ ಹಿಂದಕ್ಕೆ ದೂಡಿದೆ. ಮರುದಿನ ಬಟ್ಟೆ ಹಿಂಡಿ ಒಳಗೆ ಬಂದ ನನ್ನ ಪತ್ನಿ ಹಾಡಿನ ಸದ್ದು ತಗ್ಗಿಸಲೆಂದು ಒದ್ದೆ ಕೈಯನ್ನು ಅದರ ಮೇಲಿಟ್ಟಳು. ಬರಿಗಾಲು, ಕೆಳಗೆ ಶಹಾಬಾದ್ ಕಲ್ಲಿನ ನೆಲ, ಅದೂ ತೇವ. ಚೀರಿ ಹಿಂದಕ್ಕೆ ಬಿದ್ದಳು. ಕೈ ಪೆಟ್ಟಿಗೆಯನ್ನು ಬಿಗಿಹಿಡಿದಿರಲಿಲ್ಲ, ಬರಿದೆ ತಾಗಿತ್ತು. ಅಷ್ಟೇ ಅವಳನ್ನು ಉಳಿಸಿತು. ಒಂದು ವಾರ ತೋಳು ನೋಯುತ್ತಿತ್ತು.

ಬಿಚ್ಚಿ ನೋಡಿದಾಗ ಕಾರಣ ಕಣ್ಣಿಗೆ ಕಟ್ಟಿದಂತಿತ್ತು. ಮುಖ್ಯ ತಂತಿ ಒಳಗೆ ಹೋಗುವ ತೂತಿಗೆ ರಬ್ಬರ್ ಬುಷ್ ಹಾಕಲು ನಾನು ಸೋಮಾರಿತನ ಮಾಡಿದ್ದೆ. ತಗಡಿನ ಅಂಚು ವರ್ಷಗಟ್ಟಲೆ ಉಜ್ಜಿ, ಅಂದು ಎಳೆದಾಗ ಹೊದಿಕೆಯನ್ನು ಕತ್ತರಿಸಿ ಫೇಸ್ ತಂತಿಗೇ ತಾಗಿತ್ತು. ಅರ್ತ್ ತಂತಿ ಇದ್ದಿದ್ದರೆ ಅದೇ ಗಳಿಗೆಯಲ್ಲಿ ಭಾರಿ ಪ್ರವಾಹ ಭೂಮಿಗೆ ಹರಿದು ಮೀಟರಿನ ಪಕ್ಕದ ಫ್ಯೂಸು ಸುಟ್ಟುಹೋಗುತ್ತಿತ್ತು. ಮನೆ ಕತ್ತಲಾಗುತ್ತಿತ್ತು, ಅಷ್ಟೆ. ಇಲ್ಲದುದರಿಂದ ಪೆಟ್ಟಿಗೆಯು ಮೈಯೆಲ್ಲ 230 ವೋಲ್ಟು ಹೊತ್ತು, ಸುಮ್ಮನೆ ಹಾಡುತ್ತ, ಯಾರಾದರೂ ಮುಟ್ಟಲೆಂದು ಕಾಯುತ್ತಿತ್ತು. ಅದುವರೆಗೆ ಟಿ.ವಿ.ಯ ಕೇಬಲ್ಲಿನ ಹೊರಹೆಣಿಗೆಯೇ ಕಳ್ಳದಾರಿಯ ಅರ್ತಿಂಗ್ ಆಗಿ ಒದಗುತ್ತಿದ್ದಿರಬೇಕೆಂಬುದು ಹೊಳೆದುದು ಆಮೇಲೆ.

ಆ ಗುಂಯ್‌ಗಾರಕ್ಕೂ ಇದೇ ಕಾರಣ. ಕೇಬಲ್ಲಿನ ಹೆಣಿಗೆ ಬೇರೆಲ್ಲೋ ಭೂಮಿಯನ್ನು ಸೇರಿತ್ತು. ಆಂಪ್ಲಿಫೈಯರು ನಮ್ಮ ಮನೆಯ ಅರ್ತಿನಲ್ಲಿ ಸೇರಿತ್ತು. ಎರಡು ಭೂಸಂಪರ್ಕಗಳ ನಡುವಣ ಅಲ್ಪ ವೋಲ್ಟೇಜು ಧ್ವನಿತಂತಿಯ ಮೂಲಕ ಸುತ್ತು ಹಾಕುತ್ತಿತ್ತು. ಈ ಬಳಸುದಾರಿಯನ್ನು ಕತ್ತರಿಸಬೇಕಾದುದು ಧ್ವನಿಯ ಕಡೆಯಲ್ಲಿ, ಪ್ಲಗ್ಗಿನಲ್ಲಿ ಅಲ್ಲ. ಟಿ.ವಿ.ಗೂ ಆಂಪ್ಲಿಫೈಯರಿಗೂ ನಡುವೆ ಧ್ವನಿಗಾಗಿಯೇ ಇರುವ ಪುಟ್ಟ ಟ್ರಾನ್ಸ್‌ಫಾರ್ಮರನ್ನು ಹಾಕಿದೆ. ತಂತಿಗಳು ಪರಸ್ಪರ ಮುಟ್ಟದೆಯೇ ಸಂಗೀತ ದಾಟಿಹೋಗುತ್ತದೆ. ಅರ್ತ್ ತಂತಿ ತನ್ನ ಸ್ಥಾನಕ್ಕೆ ಮರಳಿತು, ಸದ್ದೂ ಇಲ್ಲ. ಇಂದಿನ ಮನೆಗಳಲ್ಲಿ ಟಿ.ವಿ.ಯ ಪಾತ್ರವನ್ನು ಲ್ಯಾಪ್‌ಟಾಪ್ ವಹಿಸುತ್ತದೆ. ಮೂರು ಪಿನ್ನಿನ ಚಾರ್ಜರನ್ನು ಕಿತ್ತು ಬ್ಯಾಟರಿಯಲ್ಲಿ ನಡೆಸಿದಾಗ ಗುಂಯ್‌ಗಾರ ನಿಂತರೆ ಇದೇ ರೋಗವೆಂದು ತಿಳಿಯಬಹುದು. ಬ್ಲೂಟೂತ್ ಬಳಸುವವರಿಗೆ ತಂತಿಯೇ ಇಲ್ಲದುದರಿಂದ ಈ ಸುತ್ತಿನ ಗೊಡವೆಯಿಲ್ಲ.

ಇಂಥ ಪೆಟ್ಟಿಗೆಯಿರುವ ಮನೆಯಲ್ಲಿ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿಕೊಳ್ಳುವುದು ಉತ್ತಮ, ಸೋರಿಕೆ ಕಂಡೊಡನೆ ಅದು ವಿದ್ಯುತ್ತನ್ನು ಕಡಿಯುತ್ತದೆ. ಯಾರಿಗಾದರೂ ವಿದ್ಯುತ್ ತಗುಲಿದರೆ ಅವರನ್ನು ಮುಟ್ಟದೆ ಮೊದಲು ಮೈನ್ ಸ್ವಿಚ್ಚನ್ನು ಆರಿಸಬೇಕು. ಉಸಿರಾಟವಿಲ್ಲದಿದ್ದರೆ 108ಕ್ಕೆ ಕರೆಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು 5 ಸೆಂಟಿಮೀಟರು ಆಳಕ್ಕೆ, ಬಲವಾಗಿ ಒತ್ತುತ್ತಿರಬೇಕು. ಎಚ್ಚರ ತಪ್ಪಿದ್ದವರು ಚೇತರಿಸಿಕೊಂಡಂತೆ ಕಂಡರೂ ಅವರ ಹೃದಯವನ್ನು ವೈದ್ಯರು ಪರೀಕ್ಷಿಸುವುದು ಅವಶ್ಯ.

ಉಳಿದ ತೊಂದರೆಗಳು ಚಿಲ್ಲರೆಯವು. ವಾಲ್ಯೂಮ್ ತಿರುಗಿಸುವಾಗ ಕರಕರ ಎಂದರೆ ಅದರೊಳಗೆ ಧೂಳು ಸೇರಿದೆ. ಪೆಟ್ಟಿಗೆಯನ್ನು ತಟ್ಟಿದಾಗ ಹಾಡು ಬಂದು ಹೋದರೆ ಎಲ್ಲೋ ಬೆಸುಗೆ ಸರಿಯಾಗಿ ಹಿಡಿದಿಲ್ಲ. ಅರ್ಧ ಗಂಟೆಯ ನಂತರ ತಾನೇ ನಿಂತು, ಆರಿದ ಮೇಲೆ ಮತ್ತೆ ಹಾಡಿದರೆ ಹೀಟ್ ಸಿಂಕ್ ಚಿಕ್ಕದಾಯಿತು, ಐ.ಸಿ. ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿದೆ.

ವಾಟುಗಳ ವಿಷಯದಲ್ಲಿ ಒಂದು ಮಾತು. ಪೆಟ್ಟಿಗೆಗಳ ಮೇಲೆ ಸಾವಿರ ಸಾವಿರ ಪಿ.ಎಂ.ಪಿ.ಓ. ವಾಟುಗಳನ್ನು ಅಚ್ಚುಹಾಕುತ್ತಿದ್ದ ಕಾಲವೊಂದಿತ್ತು. ಆ ಅಂಕಿಗಳಿಗೆ ಅರ್ಥವಿರಲಿಲ್ಲ. ವಾಟುಗಳನ್ನು ಇಮ್ಮಡಿಗೊಳಿಸಿದರೆ ಏರುವುದು ಕೇವಲ 3 ಡೆಸಿಬೆಲ್. ಸಾಧಾರಣ ಸ್ಪೀಕರೊಂದು ಒಂದೇ ವಾಟಿನಲ್ಲಿ ಒಂದು ಮೀಟರು ದೂರಕ್ಕೆ 88 ಡೆಸಿಬೆಲ್ಲಿನಷ್ಟು ಸದ್ದು ಮಾಡಬಲ್ಲುದು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಕಿವಿಗೆ ಸಲ್ಲುವುದು ದಿನಕ್ಕೆ 8 ಗಂಟೆಯ 85 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿದಂತೆ ಅವಧಿ ಅರ್ಧವಾಗುತ್ತದೆ, 100ಕ್ಕೆ ಉಳಿಯುವುದು 15 ನಿಮಿಷ. ಹೀಗಾಗಿ ಮನೆಯ ಕೋಣೆಗೆ ಹತ್ತು ವಾಟು ಧಾರಾಳವಾಯಿತು. ನನ್ನ ಪೆಟ್ಟಿಗೆಯಿಂದ ಅದಕ್ಕಿಂತ ಹೆಚ್ಚನ್ನು ನಾನು ಎಂದೂ ಕೇಳಿಲ್ಲ.

ತಂತುದೀಪಗಳು ಈಗ ಅಂಗಡಿಗಳಲ್ಲಿ ಅಪರೂಪವಾಗುತ್ತಿವೆ. ಈ ಕೆಲಸಕ್ಕೆ ಇಳಿಯುವವರು 60 ವಾಟಿನವು ಎರಡು ಸಿಕ್ಕಿದರೆ ತಂದಿಟ್ಟುಕೊಳ್ಳಬೇಕು, ಜೊತೆಗೆ ಒಂದು ಹಿಡಿ ರಬ್ಬರ್ ಬುಷ್ಷುಗಳನ್ನೂ.