ಮಂಗನ ಕಾಯಿಲೆ

ಮಂಗನ ಕಾಯಿಲೆ ಅಥವಾ ಕ್ಯಾಸನೂರು ಅರಣ್ಯ ರೋಗವು ಮಂಗಗಳಿಗೂ ಮನುಷ್ಯರಿಗೂ ತಗಲುವ ಒಂದು ವೈರಾಣುಜನ್ಯ ರಕ್ತಸ್ರಾವಿ ಜ್ವರ. ಇದು ಕಾಡಿನ ಉಣುಗುಗಳ ಕಡಿತದಿಂದ ಹರಡುತ್ತದೆ. 1957ರಲ್ಲಿ ಅಂದಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಇದನ್ನು ಮೊದಲು ಗುರುತಿಸಲಾಯಿತು. ಆಡಳಿತ ಮತ್ತು ವೈದ್ಯಕೀಯ ವ್ಯವಹಾರದಲ್ಲಿ ಇದನ್ನು ಕೆ.ಎಫ್.ಡಿ. ಎಂದು ಕರೆಯುವುದು ರೂಢಿ. ಪಶ್ಚಿಮ ಘಟ್ಟದ ಕಾಡಂಚಿನ ಹಳ್ಳಿಗಳಲ್ಲಿ ಪ್ರತಿವರ್ಷ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಈ ರೋಗ ಕಾಣಿಸಿಕೊಳ್ಳುತ್ತದೆ. ರೋಗ ತಗಲಿದವರಲ್ಲಿ ಶೇಕಡ 3ರಿಂದ 5ರಷ್ಟು ಮಂದಿ ಮೃತಪಡುತ್ತಾರೆ.

ಹೆಸರು

ಕಾಡಿನಲ್ಲಿ ಮಂಗಗಳು ಸತ್ತುಬಿದ್ದ ಬೆನ್ನಿಗೇ ಊರಿನವರಿಗೆ ಜ್ವರ ಬರುತ್ತಿದ್ದುದರಿಂದ ಮಲೆನಾಡಿನ ಜನರು ಇದನ್ನು ‘ಮಂಗನ ಕಾಯಿಲೆ’ ಎಂದು ಕರೆದರು. ಈ ಹೆಸರು ತಪ್ಪು ತಿಳಿವಳಿಕೆಗೂ ಕಾರಣವಾಗಿದೆ. ರೋಗವನ್ನು ಮನುಷ್ಯನಿಗೆ ದಾಟಿಸುವುದು ಮುಖ್ಯವಾಗಿ ಉಣುಗು. ಮಂಗವು ಮನುಷ್ಯನಂತೆಯೇ ಈ ರೋಗಕ್ಕೆ ಬಲಿಯಾಗುವ ಪ್ರಾಣಿ. ಸೋಂಕು ಯಾವ ಕಾಡಿಗೆ ಬಂದಿದೆ ಎಂಬುದು ಮಂಗಗಳ ಸಾವಿನಿಂದಲೇ ಮೊದಲು ತಿಳಿಯುವುದರಿಂದ, ಅದು ಹಳ್ಳಿಗೆ ದೊರೆಯುವ ಮುನ್ಸೂಚನೆಯೂ ಹೌದು.

ಇತಿಹಾಸ

1957ರ ಮಾರ್ಚ್ ವೇಳೆಗೆ ಕ್ಯಾಸನೂರು ಕಾಡಿನಲ್ಲಿ ಮಂಗಗಳು ದೊಡ್ಡ ಸಂಖ್ಯೆಯಲ್ಲಿ ಸಾಯತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿಯೂ ಜನರು ತೀವ್ರ ಜ್ವರದಿಂದ ಹಾಸಿಗೆ ಹಿಡಿದರು. ಮಂಗ ಮತ್ತು ಮನುಷ್ಯರಿಬ್ಬರೂ ಏಕಕಾಲದಲ್ಲಿ ಸಾಯುತ್ತಿದ್ದುದರಿಂದ ಭಾರತದಲ್ಲಿ ಅದುವರೆಗೆ ಇಲ್ಲದ ಹಳದಿ ಜ್ವರ ಕಾಲಿಟ್ಟಿರಬಹುದೆಂಬ ಆತಂಕ ಉಂಟಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಸ್ಥಳಕ್ಕೆ ಬಂದು ಪರಿಶೀಲಿಸಿದರು. ಈ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಟೆಲ್‌ಫರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ಅವರ ನೇತೃತ್ವದ ತಂಡವು ಇದು ಹಳದಿ ಜ್ವರವಲ್ಲ, ಉಣುಗುಗಳಿಂದ ಹರಡುವ ಹೊಸ ವೈರಾಣು ಎಂದು ನಿರ್ಧರಿಸಿತು. ಕಾಡಿನ ಹೆಸರನ್ನೇ ರೋಗಕ್ಕೂ ವೈರಾಣುವಿಗೂ ಇಡಲಾಯಿತು.

ಈ ವೈರಾಣುವಿಗೆ ರಷ್ಯಾದ ಉಣುಗುಜನ್ಯ ಮೆದುಳುಜ್ವರದ ವೈರಾಣುವಿನೊಡನೆ ಹೋಲಿಕೆ ಇದ್ದುದರಿಂದ, ವಲಸೆ ಹಕ್ಕಿಗಳು ಇದನ್ನು ಉತ್ತರದಿಂದ ತಂದಿರಬಹುದೆಂಬ ಊಹೆಯೂ ಆಗ ಹುಟ್ಟಿತ್ತು. ಅದನ್ನು ದೃಢಪಡಿಸುವ ಪುರಾವೆ ದೊರೆಯಲಿಲ್ಲ.

ವೈರಾಣು ಮತ್ತು ವಾಹಕ

ರೋಗಕಾರಕವು ಫ್ಲಾವಿವಿರಿಡೆ ಕುಟುಂಬಕ್ಕೆ ಸೇರಿದ ಆರ್.ಎನ್.ಎ. ವೈರಾಣು. ಡೆಂಗಿ ಮತ್ತು ಹಳದಿ ಜ್ವರದ ವೈರಾಣುಗಳೂ ಇದೇ ಕುಟುಂಬದವು. ಸೌದಿ ಅರೇಬಿಯಾದಲ್ಲಿ 1990ರ ದಶಕದಲ್ಲಿ ಪತ್ತೆಯಾದ ಅಲ್‌ಖುರ್ಮಾ ವೈರಾಣು ಇದರ ಅತಿ ಹತ್ತಿರದ ಸಂಬಂಧಿ.

ಪ್ರಧಾನ ವಾಹಕವು ಹೀಮಾಫಿಸಾಲಿಸ್ ಸ್ಪಿನಿಜೆರಾ ಎಂಬ ಉಣುಗು. ಉಣುಗಿನ ಬಾಳಿನಲ್ಲಿ ಮೊಟ್ಟೆ, ಲಾರ್ವಾ, ಮರಿ ಉಣುಗು ಮತ್ತು ಪ್ರೌಢ ಉಣುಗು ಎಂಬ ನಾಲ್ಕು ಹಂತಗಳಿವೆ. ಮಳೆಗಾಲದಲ್ಲಿ ಪ್ರೌಢ ಹೆಣ್ಣು ಉಣುಗು ದನ ಮೊದಲಾದ ದೊಡ್ಡ ಪ್ರಾಣಿಗಳ ರಕ್ತ ಕುಡಿದು ನೆಲಕ್ಕೆ ಬಿದ್ದು, ತರಗೆಲೆಗಳ ನಡುವೆ ಮೊಟ್ಟೆಯಿಡುತ್ತದೆ. ಮಳೆ ಕಡಿಮೆಯಾದ ಮೇಲೆ ಹೊರಬರುವ ಲಾರ್ವಾಗಳು ಇಲಿ, ಮೂಗಿಲಿ, ಹಕ್ಕಿ, ಮಂಗ ಮುಂತಾದವುಗಳ ರಕ್ತ ಹೀರುತ್ತವೆ. ಆ ಪ್ರಾಣಿಯಲ್ಲಿ ವೈರಾಣು ಇದ್ದರೆ ಅದು ಉಣುಗಿನ ದೇಹ ಸೇರಿ, ಮುಂದಿನ ಹಂತಗಳಲ್ಲಿಯೂ ಉಳಿಯುತ್ತದೆ. ಮನುಷ್ಯನನ್ನು ಹೆಚ್ಚಾಗಿ ಕಡಿಯುವುದು ಮರಿ ಉಣುಗು. ಇದು ನವೆಂಬರ್‌ನಿಂದ ಮೇವರೆಗೆ ಕಾಡಿನ ನೆಲದಲ್ಲಿ ಹೇರಳವಾಗಿರುತ್ತದೆ. ರೋಗದ ಋತುವೂ ಅದೇ. ಮರಿ ಉಣುಗು ಬಹಳ ಚಿಕ್ಕದಾದ್ದರಿಂದ ಕಡಿದದ್ದು ಎಷ್ಟೋ ವೇಳೆ ಗಮನಕ್ಕೇ ಬರುವುದಿಲ್ಲ.

ಪ್ರಾಣಿಗಳಲ್ಲಿ ರೋಗ

ಕಪ್ಪು ಮುಖದ ಮುಸುವ ಮತ್ತು ಕೆಂಪು ಮುಖದ ಸಾಮಾನ್ಯ ಮಂಗ, ಈ ಎರಡು ಜಾತಿಗಳು ರೋಗಕ್ಕೆ ಸುಲಭವಾಗಿ ತುತ್ತಾಗುತ್ತವೆ. ಸೋಂಕು ತಗಲಿದ ಮಂಗದ ರಕ್ತದಲ್ಲಿ ವೈರಾಣು ಅಪಾರವಾಗಿ ಹೆಚ್ಚುತ್ತದೆ. ಮಂಗ ಸತ್ತು ದೇಹ ತಣ್ಣಗಾದಾಗ ಅದರ ಮೈಮೇಲಿದ್ದ ಉಣುಗುಗಳು ಕೆಳಗಿಳಿದು ಸುತ್ತಲಿನ ನೆಲದಲ್ಲಿ ಹರಡಿಕೊಳ್ಳುತ್ತವೆ. ಹೀಗಾಗಿ ಸತ್ತ ಮಂಗ ಬಿದ್ದಿರುವ ಜಾಗವು ಸೋಂಕಿನ ಕೇಂದ್ರವಾಗುತ್ತದೆ. ಅಲ್ಲಿ ಸೌದೆ ಅಥವಾ ಸೊಪ್ಪಿಗಾಗಿ ಓಡಾಡುವವರಿಗೆ ಅಪಾಯ ಹೆಚ್ಚು.

ದನ, ಎಮ್ಮೆ, ಆಡುಗಳು ಈ ರೋಗದಿಂದ ಸಾಯುವುದಿಲ್ಲ. ಹಾಲಿನಿಂದ ರೋಗ ಹರಡಿದ್ದಕ್ಕೆ ಆಧಾರವಿಲ್ಲ. ಆದರೆ ಕಾಡಿಗೆ ಮೇಯಲು ಹೋಗುವ ದನಗಳು ಪ್ರೌಢ ಉಣುಗುಗಳಿಗೆ ಆಹಾರ ಒದಗಿಸುವುದರಿಂದ ಉಣುಗುಗಳ ಸಂಖ್ಯೆ ಬೆಳೆಯುತ್ತದೆ.

ಕಾಡಿನ ಬದಲಾವಣೆ ಮತ್ತು ರೋಗ

ಮಲೆನಾಡಿನ ಜೀವನವು ಕಾಡಿನೊಡನೆ ಹೆಣೆದುಕೊಂಡಿದೆ. ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟದಿಂದ ಸೊಪ್ಪು, ಕೊಟ್ಟಿಗೆಗೆ ತರಗು, ಒಲೆಗೆ ಸೌದೆ ತರುವ ಕೆಲಸವೆಲ್ಲ ಬಹುಮಟ್ಟಿಗೆ ಬೇಸಿಗೆಯಲ್ಲೇ ನಡೆಯುತ್ತದೆ. ಮರಿ ಉಣುಗುಗಳ ಕಾಲವೂ ಅದೇ ಆಗಿರುವುದರಿಂದ ರೈತರು, ಕೂಲಿಕಾರರು, ದನಗಾಹಿಗಳು ಮತ್ತು ಅರಣ್ಯ ಸಿಬ್ಬಂದಿ ಹೆಚ್ಚಾಗಿ ರೋಗಕ್ಕೆ ಗುರಿಯಾಗುತ್ತಾರೆ.

ದಟ್ಟ ಕಾಡನ್ನು ಕಡಿದು ಸಾಗುವಳಿ ಮಾಡಿದಾಗ ಕಾಡಂಚು ಹೆಚ್ಚಿ, ಅಲ್ಲಿ ದನಗಳೂ ಉಣುಗುಗಳೂ ಹೆಚ್ಚುತ್ತವೆ ಎಂದು ಜಾರ್ಜ್ ಬೊಶೆಲ್ 1969ರಲ್ಲಿ ವಿವರಿಸಿದರು. ಇದಕ್ಕೆ ಸಾಮಾನ್ಯವಾಗಿ ಕೊಡುವ ಉದಾಹರಣೆ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನದು. ಅಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದ ನಂತರ 1982–83ರಲ್ಲಿ ರೋಗವು ಭೀಕರವಾಗಿ ಹಬ್ಬಿತು. ಸಾವಿರಕ್ಕೂ ಹೆಚ್ಚು ಜನರು ಕಾಯಿಲೆ ಬಿದ್ದು, ನೂರಕ್ಕೂ ಹೆಚ್ಚು ಮಂದಿ ಮೃತಪಟ್ಟರು.

ವ್ಯಾಪ್ತಿ

ಬಹುಕಾಲ ಈ ರೋಗವು ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡ, ಉಡುಪಿ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಗೆ ಸೀಮಿತವೆಂದು ಭಾವಿಸಲಾಗಿತ್ತು. 2012ರ ಕೊನೆಯಲ್ಲಿ ಚಾಮರಾಜನಗರ ಜಿಲ್ಲೆಯ ಬಂಡೀಪುರದಲ್ಲಿ ಮಂಗಗಳು ಸತ್ತವು. ಅವುಗಳನ್ನು ವಿಲೇವಾರಿ ಮಾಡಿದ ಅರಣ್ಯ ಕಾರ್ಮಿಕರಿಗೂ ರೋಗ ತಗಲಿತು. ಅನಂತರದ ವರ್ಷಗಳಲ್ಲಿ ತಮಿಳುನಾಡಿನ ನೀಲಗಿರಿ, ಕೇರಳದ ವಯನಾಡು ಮತ್ತು ಮಲಪ್ಪುರಂ, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ ಪ್ರದೇಶಗಳಲ್ಲಿಯೂ ರೋಗ ಪತ್ತೆಯಾಯಿತು. 2018ರ ಡಿಸೆಂಬರ್‌ನಿಂದ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಹಬ್ಬಿದ ರೋಗವು ಹಲವರ ಸಾವಿಗೆ ಕಾರಣವಾಗಿ, ರಾಜ್ಯದ ಗಮನವನ್ನು ಮತ್ತೆ ಸೆಳೆಯಿತು.

ರೋಗಲಕ್ಷಣಗಳು

ಉಣುಗು ಕಡಿದ 3ರಿಂದ 8 ದಿನಗಳಲ್ಲಿ ಚಳಿಯೊಂದಿಗೆ ಹಠಾತ್ತನೆ ಜ್ವರ ಬರುತ್ತದೆ. ತೀವ್ರ ತಲೆನೋವು, ಸೊಂಟ ಮತ್ತು ಕೈಕಾಲುಗಳ ಸ್ನಾಯುನೋವು, ಕಣ್ಣು ಕೆಂಪಾಗುವುದು, ವಾಂತಿ, ಭೇದಿ ಕಾಣಿಸಿಕೊಳ್ಳುತ್ತವೆ. ಕೆಲವರಲ್ಲಿ ಮೂಗು, ಒಸಡು ಮತ್ತು ಕರುಳಿನಿಂದ ರಕ್ತಸ್ರಾವವಾಗುತ್ತದೆ. ರಕ್ತದೊತ್ತಡ ಕುಸಿಯುವುದೂ ಪ್ಲೇಟ್‌ಲೆಟ್ ಮತ್ತು ಬಿಳಿ ರಕ್ತಕಣಗಳು ಕಡಿಮೆಯಾಗುವುದೂ ಉಂಟು. ಹೆಚ್ಚಿನವರು ಒಂದೆರಡು ವಾರಗಳಲ್ಲಿ ಗುಣಮುಖರಾದರೂ ನಿಶ್ಶಕ್ತಿಯಿಂದ ಚೇತರಿಸಿಕೊಳ್ಳಲು ಹೆಚ್ಚು ಕಾಲ ಬೇಕಾಗುತ್ತದೆ. ಶೇಕಡ 10ರಿಂದ 20ರಷ್ಟು ರೋಗಿಗಳಲ್ಲಿ, ಜ್ವರ ಬಿಟ್ಟು ಗುಣವಾಯಿತೆನ್ನುವಾಗ, ಮೂರನೆಯ ವಾರದ ಆರಂಭದಲ್ಲಿ ಅದು ಮರುಕಳಿಸುತ್ತದೆ. ಈ ಎರಡನೆಯ ಹಂತದಲ್ಲಿ ನಡುಕ, ಗೊಂದಲ, ದೃಷ್ಟಿದೋಷದಂತಹ ನರಸಂಬಂಧಿ ತೊಂದರೆಗಳು ತೋರಬಹುದು.

ರೋಗವು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಆದ್ದರಿಂದ ರೋಗಿಯನ್ನಾಗಲಿ ಅವರ ಮನೆಯವರನ್ನಾಗಲಿ ದೂರವಿಡಬೇಕಾದ ಕಾರಣವಿಲ್ಲ.

ಪತ್ತೆ ಮತ್ತು ಚಿಕಿತ್ಸೆ

ಮೊದಲ ದಿನಗಳ ಲಕ್ಷಣಗಳು ಡೆಂಗಿ, ಇಲಿಜ್ವರ ಮತ್ತು ಟೈಫಾಯಿಡ್‌ಗಳನ್ನು ಹೋಲುವುದರಿಂದ ಲಕ್ಷಣಗಳಿಂದಷ್ಟೇ ರೋಗವನ್ನು ನಿರ್ಧರಿಸಲಾಗದು. ಆರಂಭದ ದಿನಗಳಲ್ಲಿ ಆರ್‌ಟಿ-ಪಿಸಿಆರ್ ಮೂಲಕ, ಅನಂತರ ಎಲೈಸಾ ಮೂಲಕ ರಕ್ತಪರೀಕ್ಷೆ ನಡೆಸುತ್ತಾರೆ. ಕರ್ನಾಟಕದಲ್ಲಿ ಶಿವಮೊಗ್ಗದ ವೈರಾಣು ಪರೀಕ್ಷಾ ಪ್ರಯೋಗಾಲಯವು ಈ ಕೆಲಸದಲ್ಲಿ ಮುಖ್ಯವಾದುದು. ವೈರಾಣುವನ್ನು ನಾಶಪಡಿಸುವ ನಿರ್ದಿಷ್ಟ ಔಷಧವಿಲ್ಲ. ದೇಹದ ನೀರಿನಂಶವನ್ನು ಕಾಪಾಡುವುದು, ರಕ್ತದೊತ್ತಡ ಮತ್ತು ರಕ್ತಸ್ರಾವದ ಮೇಲೆ ನಿಗಾ ಇಡುವುದು, ಅಗತ್ಯವಿದ್ದರೆ ರಕ್ತ ನೀಡುವುದು ಇವೇ ಚಿಕಿತ್ಸೆ. ಬೇಗನೆ ಆಸ್ಪತ್ರೆಗೆ ಸೇರಿದವರು ಬದುಕುಳಿಯುವ ಸಾಧ್ಯತೆ ಹೆಚ್ಚು.

ಲಸಿಕೆ

ಕೋಳಿಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ನಿಷ್ಕ್ರಿಯಗೊಳಿಸಿದ ವೈರಾಣುವಿನ ಲಸಿಕೆಯನ್ನು 1990ರಿಂದ ರೋಗಪೀಡಿತ ತಾಲ್ಲೂಕುಗಳಲ್ಲಿ ನೀಡಲಾಗುತ್ತಿತ್ತು. ಇದನ್ನು ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ತಯಾರಿಸುತ್ತಿದ್ದರು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಬಳಿಕ 6ರಿಂದ 9 ತಿಂಗಳೊಳಗೆ ವರ್ಧಕ ಡೋಸ್, ಆಮೇಲೆ ಐದು ವರ್ಷ ವರ್ಷಕ್ಕೊಂದು ಡೋಸ್ ಪಡೆಯಬೇಕಾಗಿತ್ತು. 2005ರಿಂದ 2010ರವರೆಗಿನ ಮಾಹಿತಿಯನ್ನು ಆಧರಿಸಿದ ಅಧ್ಯಯನವೊಂದರ ಪ್ರಕಾರ ಎರಡು ಡೋಸ್ ಪಡೆದವರಲ್ಲಿ ಲಸಿಕೆಯ ಪರಿಣಾಮ ಶೇಕಡ 62.4, ವರ್ಧಕ ಡೋಸನ್ನೂ ಪಡೆದವರಲ್ಲಿ ಶೇಕಡ 82.9 ಇತ್ತು. ಚುಚ್ಚುಮದ್ದಿನ ನೋವು ಮತ್ತು ಮೇಲಿಂದ ಮೇಲೆ ಡೋಸ್ ಪಡೆಯಬೇಕಾದ ಕಷ್ಟದಿಂದ ಬಹಳ ಜನರು ಪೂರ್ಣ ಲಸಿಕೆ ಪಡೆಯುತ್ತಿರಲಿಲ್ಲ. ಸಾಮರ್ಥ್ಯ ಕುಂದಿದ ಕಾರಣ 2022ರಲ್ಲಿ ಈ ಲಸಿಕೆಯ ಬಳಕೆಯನ್ನು ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ಹೊಸ ಲಸಿಕೆಯ ಅಭಿವೃದ್ಧಿ ಕಾರ್ಯ ಕೈಗೊಳ್ಳಲಾಗಿದೆ.

ಮುನ್ನೆಚ್ಚರಿಕೆಗಳು

- ಮಂಗ ಸತ್ತದ್ದು ಕಂಡರೆ ಮುಟ್ಟದೆ, ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರ, ಗ್ರಾಮ ಪಂಚಾಯಿತಿ ಅಥವಾ ಅರಣ್ಯ ಇಲಾಖೆಗೆ ತಿಳಿಸಬೇಕು. ಸಿಬ್ಬಂದಿಯು ಆ ಜಾಗದ ಸುತ್ತ 50 ಮೀಟರ್‌ವರೆಗೆ ಮೆಲಾಥಿಯಾನ್ ಪುಡಿ ಸಿಂಪಡಿಸುತ್ತಾರೆ.
- ಮಂಗ ಸತ್ತಿರುವ ಕಾಡಿಗೆ ಸೌದೆ, ಸೊಪ್ಪು, ತರಗಿಗಾಗಿ ಹೋಗಬಾರದು. ದನಗಳನ್ನೂ ಮೇಯಲು ಬಿಡಬಾರದು.
- ಕಾಡಿಗೆ ಹೋಗಲೇಬೇಕಾದರೆ ಮೈತುಂಬ ಬಟ್ಟೆ ಧರಿಸಿ, ತೆರೆದ ಭಾಗಗಳಿಗೆ ಆರೋಗ್ಯ ಇಲಾಖೆ ನೀಡುವ ಡೆಪಾ ತೈಲವನ್ನು ಹಚ್ಚಿಕೊಳ್ಳಬೇಕು.
- ಮನೆಗೆ ಮರಳಿದೊಡನೆ ಮೈಯನ್ನು ಪರೀಕ್ಷಿಸಿ, ಬಿಸಿನೀರು ಮತ್ತು ಸೋಪಿನಿಂದ ಸ್ನಾನ ಮಾಡಿ, ತೊಟ್ಟ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು.
- ದನಗಳ ಮೈಮೇಲಿನ ಉಣುಗುಗಳ ನಿವಾರಣೆಗೆ ಪಶುವೈದ್ಯರ ಸಲಹೆಯಂತೆ ಔಷಧ ಬಳಸಬೇಕು.
- ಕಾಡಂಚಿನಲ್ಲಿ ವಾಸಿಸುವವರಿಗೆ ಅಥವಾ ಅಲ್ಲಿಗೆ ಹೋಗಿಬಂದವರಿಗೆ ಜ್ವರ ಬಂದರೆ, ಕಾಡಿಗೆ ಹೋದ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.