ಸರಾಸರಿ ಹೇಳದ ಏರಿಳಿತ: ವ್ಯತ್ಯಯ ಗುಣಾಂಕ

ಮಾರಾಟದ ಸರಾಸರಿಯು ವ್ಯಾಪಾರದ ಗಾತ್ರವನ್ನು ತಿಳಿಸುತ್ತದೆಯೇ ಹೊರತು ಸ್ಥಿರತೆಯನ್ನಲ್ಲ. ಭಿನ್ನ ಗಾತ್ರದ ವ್ಯವಹಾರಗಳ ಸ್ಥಿರತೆಯನ್ನು ಹೋಲಿಸಲು ನೆರವಾಗುವ ವ್ಯತ್ಯಯ ಗುಣಾಂಕವನ್ನು ಕಾರ್ಲ್ ಪಿಯರ್ಸನ್ 1896ರಲ್ಲಿ ಪ್ರತಿಪಾದಿಸಿದರು. ಅಂಕಿಗಳು ಸರಾಸರಿಯಿಂದ ಎಷ್ಟು ದೂರ ಚದುರಿವೆ ಎಂಬುದರ ಅಳತೆಯೇ ಮಾನಕ ವಿಚಲನೆ. ಅದನ್ನು ಸರಾಸರಿಯಿಂದ ಭಾಗಿಸಿ 100ರಿಂದ ಗುಣಿಸಿದರೆ ಈ ಗುಣಾಂಕವು ಶೇಕಡಾ ರೂಪದಲ್ಲಿ ದೊರೆಯುತ್ತದೆ.

ಕಂಪ್ಲಿಯ ಅಕ್ಕಿ ಗಿರಣಿಯೊಂದರ ಮಾಸಿಕ ಮಾರಾಟದ ಸರಾಸರಿ 20 ಲಕ್ಷ ರೂಪಾಯಿ, ಮಾನಕ ವಿಚಲನೆ 3 ಲಕ್ಷ ಎಂದು ಭಾವಿಸೋಣ. ಹಂಪಿಯ ವಸತಿಗೃಹವೊಂದಕ್ಕೆ ಇವು ಕ್ರಮವಾಗಿ 4 ಲಕ್ಷ ಹಾಗೂ 1.6 ಲಕ್ಷ ಆಗಿರಲಿ. ರೂಪಾಯಿಯ ಲೆಕ್ಕದಲ್ಲಿ ಗಿರಣಿಯ ಏರಿಳಿತವೇ ದೊಡ್ಡದು. ಆದರೆ ಗುಣಾಂಕವು ಗಿರಣಿಗೆ ಶೇ. 15, ವಸತಿಗೃಹಕ್ಕೆ ಶೇ. 40. ಗುಣಾಂಕ ಹೆಚ್ಚಿದಷ್ಟೂ ಅಸ್ಥಿರತೆ ಹೆಚ್ಚು. ಪ್ರವಾಸಿಗರು ವಿರಳವಾಗುವ ಬೇಸಿಗೆಯಲ್ಲೂ ಸಂಬಳ, ಸಾಲದ ಕಂತುಗಳು ನಿಲ್ಲವು. ಆದುದರಿಂದ ಇಂತಹ ಮಾಲೀಕರು ಕಂತನ್ನು ಸರಾಸರಿಗಲ್ಲ, ಮಂದ ತಿಂಗಳುಗಳ ಆದಾಯಕ್ಕೆ ಹೊಂದಿಸಿಕೊಳ್ಳುವುದು ಕ್ಷೇಮಕರ.

ಎರಡು ಎಚ್ಚರಿಕೆಗಳು ಅಗತ್ಯ. ಸರಾಸರಿಯು ಸೊನ್ನೆಗೆ ಸಮೀಪವಿದ್ದರೆ ಅಥವಾ ನಷ್ಟವನ್ನು ತೋರಿಸಿದರೆ ಗುಣಾಂಕ ದಾರಿ ತಪ್ಪಿಸುತ್ತದೆ. ಮೇಲಾಗಿ ಇದು ಗತಕಾಲದ ಲೆಕ್ಕ. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. ಸಂಡೂರಿನ ಅದಿರನ್ನು ನಂಬಿದ ಹೊಸಪೇಟೆಯ ಲಾರಿ ಮಾಲೀಕರಿಗೆ ಅಂತಹ ನಿಲುಗಡೆಯ ಮುನ್ಸೂಚನೆಯನ್ನು ಹಿಂದಿನ ತಿಂಗಳುಗಳ ಗುಣಾಂಕ ನೀಡಲಾರದು. ಅದಕ್ಕೆ ಆಪದ್ಧನವೇ ಆಸರೆ.